ಒಂದು ರಿಂಗಿನ ಕರಾರು

ನಾನು ಫೋನಿನಲ್ಲಿ ಮಾತಾಡುವವಳಲ್ಲ, ರಿಂಗು ಕೊಡುವವಳು. ನಿಮ್ಮ ಮನೆಯಲ್ಲಿಯೂ ಇಂಥವರು ಒಬ್ಬರಾದರೂ ಇರಬೇಕು. ಊರು ಮುಟ್ಟಿದೆ ಎನ್ನಲು ಒಂದು ರಿಂಗು, ಕೆಳಗೆ ಬಂದು ನಿಂತಿದ್ದೇನೆ ಎನ್ನಲು ಒಂದು ರಿಂಗು, ಆ ಕಡೆಯವರು ಎತ್ತುವ ಮೊದಲೇ ಕಟ್. ಅಪ್ಪಿತಪ್ಪಿ ಎತ್ತಿದರೆ ಅವರಿಗೇ ಬೈಗುಳ. ನಾನು ಹಾಲೆಂಡಿಗೆ ಬಂದು ದಶಕಗಳಾದವು. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದೆ. ಡಚ್ಚರ ಜೊತೆ ಡಚ್ಚಿನಲ್ಲಿಯೇ ಜಗಳವಾಡಬಲ್ಲೆ. ಆದರೂ ಧಾರವಾಡದಿಂದ ಬೆರಳಿಗೆ ಅಂಟಿಕೊಂಡು ಬಂದ ಈ ಚಾಳಿ ಮಾತ್ರ ಬಿಟ್ಟಿಲ್ಲ.

ಬೆಳಿಗ್ಗೆ ಜೂಟರ್‌ಮೀರ್‌ನ ನನ್ನ ಅಡುಗೆಮನೆಯಲ್ಲಿ ಚಹಾ ಕುದಿ ಬರುವ ಹೊತ್ತಿಗೆ ಕಿಟಕಿಕಟ್ಟೆಯ ಮೇಲಿನ ಮೊಬೈಲು ಒಮ್ಮೆ ಮಿಡುಕಿ ಸುಮ್ಮನಾಗುತ್ತಿತ್ತು. ಅದು ನನ್ನ ತಮ್ಮ ರಾಘು. ಎಂಜಿನಿಯರಾಗಿ ಈ ದೇಶಕ್ಕೆ ಬಂದವನು ನಿವೃತ್ತನಾದ ಮೇಲೂ ಬೇರೆ ಊರಾದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ, ಒಂದು ಎತ್ತರದ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬನೇ ಉಳಿದಿದ್ದಾನೆ. ಮದುವೆ ಆಗಲಿಲ್ಲ, ಸಕ್ಕರೆ ಕಾಯಿಲೆಯೊಂದನ್ನು ಕಟ್ಟಿಕೊಂಡ. ಅವನ ರಿಂಗಿಗೆ 'ಎದ್ದೆ, ಆರಾಮ ಇದ್ದೇನೆ' ಎಂದು ಅರ್ಥ. ಕೂಡಲೇ ನಾನೂ ಒಂದು ರಿಂಗು ಕೊಡುತ್ತಿದ್ದೆ: 'ನಾನೂ.' ಇಷ್ಟಾದ ಮೇಲೆಯೇ ನಾನು ಚಹಾ ಸೋಸುತ್ತಿದ್ದದ್ದು.

ಮಾತೇ ಆಡಬಹುದಲ್ಲ ಎಂದು ನೀವು ಕೇಳಬಹುದು. ಮಾತಾಡಿದರೆ ನಮ್ಮಿಬ್ಬರಿಗೆ ಜಗಳವಾಗುತ್ತದೆ ಎಂಬುದು ಒಂದು ಕಾರಣ. ಜಗತ್ತಿಗೆಲ್ಲ ಆ ಸೋಂಕು ಬಂದ ಮೇಲೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಮಾತಾಡಿದರೆ ದನಿ ಕೇಳುತ್ತದೆ. ದನಿಯ ಹಿಂದೆ ಏನಾದರೂ ಗೊರಗೊರ ಇದ್ದರೆ ಅದೂ ಕೇಳುತ್ತದೆ. ರಿಂಗಿಗೆ ಕೆಮ್ಮು ಬರುವುದಿಲ್ಲ.

ಉತ್ತರ ಬಾರದಿರುವುದರ ಭಯ ನನಗೆ ಹಾಸ್ಟೆಲ್ಲಿನಲ್ಲಿಯೇ ಹತ್ತಿದ್ದು. ಅಪ್ಪ ನನ್ನನ್ನು ಧಾರವಾಡದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹಾಕಿದಾಗ ನನಗೆ ಜಡೆ ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ಅಲ್ಲಿಯ ವಾರ್ಡನ್ ಅಕ್ಕಾರು ಗಂಟೆಯ ಮೇಲೆ ಜೀವ ಇಟ್ಟವರು. ಗಂಟೆಗೆ ಏಳಬೇಕು, ಗಂಟೆಗೆ ಹಾಸಿಗೆ ಸುತ್ತಬೇಕು, ಹಾಸಿಗೆಯ ತುದಿಗಳು ಒಂದೇ ಗೆರೆಯಲ್ಲಿರಬೇಕು. ಹಂಡೆಯ ನೀರು ಪಾಳಿಯ ಪ್ರಕಾರ. ಬಿಸಿ ಬಿಸಿ ರೊಟ್ಟಿಯನ್ನು ಊದಿ ತಿನ್ನುವುದಕ್ಕೂ ಗಂಟೆ ಅವಕಾಶ ಕೊಡುತ್ತಿರಲಿಲ್ಲ. ನಾಲಿಗೆ ಸುಟ್ಟುಕೊಂಡೇ ಕಲಿತೆ. ಸಂಜೆ ದೀಪ ಹಚ್ಚಿದ ಮೇಲೆ ಹಾಜರಿ. ಹೆಸರು ಕೂಗಿದರೆ 'ಹಾಜರ್' ಎನ್ನಬೇಕು. ಒಂದು ಸಂಜೆ ಕುಸುಮಾ ಎಂಬ ಹುಡುಗಿಯ ಹೆಸರಿಗೆ ಉತ್ತರ ಬರಲಿಲ್ಲ. ಅಕ್ಕಾರು ಇನ್ನೊಮ್ಮೆ ಕೂಗಿದರು. ಯಾರೋ ಹಿತ್ತಲಿನ ಬಾವಿಯ ಕಡೆ ನೋಡಿದರು. ಅಷ್ಟೇ ಸಾಕಾಯಿತು, ನಾವೆಲ್ಲ ಅಳತೊಡಗಿದೆವು. ಅಕ್ಕಾರು ಕಂದೀಲು ಹಿಡಿದು ಬಾವಿಗೆ ಬಗ್ಗಿ ನೋಡಿದಾಗ ಗೋಡೆಯ ಮೇಲೆ ನಮ್ಮ ನೆರಳುಗಳೆಲ್ಲ ಕುಣಿಯುತ್ತಿದ್ದವು. ಕುಸುಮಾ ಕಟ್ಟಿಗೆ ಕೋಣೆಯಲ್ಲಿ ಕದ್ದು ಬೆಲ್ಲ ತಿಂದು ಅಲ್ಲೇ ನಿದ್ದೆ ಹೋಗಿದ್ದಳು. ಅವಳಿಗೆ ಎರಡು ಏಟು ಬಿದ್ದವು. ಏಟು ಕೊಟ್ಟು ಅಕ್ಕಾರೇ ಅತ್ತರು. ನನಗೆ ಅವತ್ತಿನಿಂದ, ಕೂಗಿದ ಹೆಸರಿಗೂ ಉತ್ತರಕ್ಕೂ ನಡುವಿನ ಆ ಜಾಗ ಎಂದರೆ ಎದೆ ಬಡಿತ.

ಇರಲಿ, ಮೊಬೈಲಿನ ವಿಷಯಕ್ಕೆ ಬರುತ್ತೇನೆ. ಸೋಂಕಿಗೆ ಸ್ವಲ್ಪ ಮೊದಲು ನಾನೂ ರಾಘುವೂ ಪೇಟೆಯಲ್ಲಿ ಒಂದು ಫೋನಿನ ಅಂಗಡಿಗೆ ಹೊಕ್ಕಿದ್ದೆವು. ಹೊರಗೆ ಗಾಳಿ ಜೋರಾಗಿತ್ತು, ಒಳಗೆ ಬೆಚ್ಚಗಿತ್ತು. ಹೊಕ್ಕದ್ದಕ್ಕೆ ಬೇರೆ ಕಾರಣವಿಲ್ಲ. ಅಂಗಡಿಯ ತರುಣ ಬಹಳ ನಯವಾಗಿ ಮಾತಾಡಿದ. ಒಂದೇ ಕರಾರಿನಲ್ಲಿ ಇಬ್ಬರಿಗೂ ನಂಬರು, ಮಿತಿಯಿಲ್ಲದ ಕರೆ, ಬೇಕಾದಷ್ಟು ಇಂಟರ್‌ನೆಟ್, ಎರಡು ವರ್ಷದ ಮಟ್ಟಿಗೆ. ನಾನು ಸಹಿ ಹಾಕಿದೆ. ಅದೇ ಹುರುಪಿನಲ್ಲಿ ಇಬ್ಬರೂ ಮನೆಯ ಹಳೆಯ ಫೋನುಗಳನ್ನು ತೆಗೆಸಿಹಾಕಿದೆವು.

ಈ ಸುದ್ದಿ ಕೇಳಿ ನನ್ನ ಮಗಳು ವಿದ್ಯಾ ನಕ್ಕಳು. ಆಲ್ಮೆರೆಯಲ್ಲಿರುವ ಅವಳು ಕಂಪ್ಯೂಟರ್ ಕೆಲಸದವಳು. ಮೈಸೂರಿನವನನ್ನು ಮದುವೆಯಾದ ಮೇಲೆ ಅವಳ ಕನ್ನಡ ಆ ಕಡೆಗೆ ವಾಲಿದೆ. "ಅಮ್ಮ, ಅನ್‌ಲಿಮಿಟೆಡ್ ಕಾಲ್ಸ್ ತಗೊಂಡು ನೀವಿಬ್ರೂ ಮಿಸ್ಡ್ ಕಾಲ್ ಕೊಡ್ತೀರಾ? ಕಂಪನಿಯೋರು ನಿಮ್ ಫೋಟೋ ಹಾಕಿ ಪೂಜೆ ಮಾಡ್ಬೇಕು."

ಆಮೇಲೆ ಸೋಂಕು ಬಂತು, ಬಾಗಿಲುಗಳು ಮುಚ್ಚಿದವು. ಎರಡನೆಯ ಚಳಿಗಾಲದ ಹೊತ್ತಿಗೆ ನನ್ನ ಬೀದಿಯಲ್ಲಿಯೇ ಇಬ್ಬರು ವಯಸ್ಸಾದವರು ಆಂಬುಲೆನ್ಸ್ ಹತ್ತಿ ಹೋದವರು ತಿರುಗಿ ಬರಲಿಲ್ಲ. ಎದುರು ಮನೆಯ ಪರದೆ ಹಗಲೂ ತೆರೆಯದೆ ಉಳಿಯಿತು. ಡಚ್ಚರ ಮನೆಗಳಲ್ಲಿ ಪರದೆ ಮುಚ್ಚಿರುವುದೇ ಇಲ್ಲ. ಹಾಗಾಗಿ ಅದು ಕಣ್ಣಿಗೆ ಕುಕ್ಕುತ್ತಿತ್ತು. ನಾನು ನನ್ನ ಮನೆಯ ಹೊಸ್ತಿಲು ದಾಟಲು ಯಾರನ್ನೂ ಬಿಡಲಿಲ್ಲ. ವಿದ್ಯಾ ಕಾಯಿಪಲ್ಯ ತಂದರೆ ಚೀಲ ಹೊರಗಿಟ್ಟು ಕಿಟಕಿಯಿಂದ ಕೈ ಬೀಸಿ ಹೋಗಬೇಕು. ಅವಳೂ ಹೆದರಿದ್ದಳು, ನನ್ನನ್ನು ಬೈಯುತ್ತಿರಲಿಲ್ಲ.

ಹೆದರಿದವರು ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಕೆಲವರು ಮನೆಯಲ್ಲೇ ಬ್ರೆಡ್ ಮಾಡಿದರು. ನಾನು ಕಪಾಟು ಖಾಲಿ ಮಾಡಿದೆ. ನನ್ನವರು ತೀರಿಕೊಂಡಾಗ ಅವರ ಹೆಸರಿನ ಒಂದೊಂದು ಚಂದಾ, ಒಂದೊಂದು ಸದಸ್ಯತ್ವ ಮುಚ್ಚಿಸಲು ವಿದ್ಯಾ ಪಟ್ಟ ಪಾಡು ನನಗೆ ಗೊತ್ತಿತ್ತು. ನನ್ನ ಸರದಿ ಬಂದರೆ ಅವಳಿಗೆ ಆ ಕೆಲಸ ಇರಬಾರದು. ಮಾಸಪತ್ರಿಕೆ ನಿಲ್ಲಿಸಿದೆ. ಈಜುಕೊಳದ ಚಂದಾ ನಿಲ್ಲಿಸಿದೆ. ರೇಷ್ಮೆ ಸೀರೆಗಳಿಗೆ ಹೆಸರಿನ ಚೀಟಿ ಕಟ್ಟಿದೆ. ಮಸಾಲೆ ಡಬ್ಬಿಗಳನ್ನು ಕೂಡ ಒಂದು ಗೆರೆಯಲ್ಲಿ ನಿಲ್ಲಿಸಿದೆ, ಯಾರು ಬಂದರೂ ಜೀರಿಗೆ ಯಾವುದು ಎಂದು ತಡಕಬಾರದು. ಅಂಜಿಕೆಯನ್ನು ಶಿಸ್ತು ಎಂದು ಕರೆಯುವುದು ನನಗೆ ಮೊದಲಿನಿಂದಲೂ ರೂಢಿ.

ಎಲ್ಲವೂ ಮುಚ್ಚಿತು, ಫೋನಿನ ಕರಾರು ಒಂದು ಮುಚ್ಚಲಿಲ್ಲ. ನನ್ನ ಹೆಸರಿಗೆ ಬರುತ್ತಿದ್ದ ಅದರ ಬಿಲ್ಲೊಂದೇ ಆಗ ನನ್ನ ಕಣ್ಣಿಗೆ ಬಿದ್ದದ್ದು.

ಕಂಪನಿಗೆ ಫೋನು ಮಾಡಿದರೆ ಮೊದಲು ಒಂದು ಯಂತ್ರ ಇದಕ್ಕೆ ಇದನ್ನು ಒತ್ತಿ, ಅದಕ್ಕೆ ಅದನ್ನು ಒತ್ತಿ ಎನ್ನುತ್ತದೆ. ಒತ್ತಿದರೆ ಸಂಗೀತ. ಸಂಗೀತದ ನಡುನಡುವೆ, ಈಗಿನ ಪರಿಸ್ಥಿತಿಯಿಂದಾಗಿ ತಡವಾಗುತ್ತಿದೆ ಎಂಬ ಕ್ಷಮಾಪಣೆ. ಎದ್ದು ಒಗ್ಗರಣೆ ಹಾಕಿ ಬಂದರೂ ಅದೇ ಸಂಗೀತ. ಕೊನೆಗೆ ಯಾರೋ ಬಂದು ಹಲೋ ಎಂದರೆ ಲೈನು ಕಡಿದುಹೋಗುತ್ತದೆ. ಅವರ ಜಾಲತಾಣದಲ್ಲಿ ಒಂದು ನಗುವ ಗೊಂಬೆ ಇತ್ತು, ಏನು ಬೇಕು ಎಂದು ಕೇಳಿತು. 'ಕರಾರು ಬಿಡಬೇಕು' ಎಂದು ಬರೆದೆ. 'ಹೊಸ ಕರಾರು ಬೇಕೆ?' ಎಂದಿತು. ಇಲ್ಲ, ಬಿಡಬೇಕು. 'ನಿಮಗೆ ಸಹಾಯವಾಯಿತೆ?' ಎಂದಿತು. ಆಮೇಲೆ ನಾನು ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ. ಹಾಸ್ಟೆಲ್ಲಿನಲ್ಲಾಗಿದ್ದರೆ ಅಂಗೈ ಚಾಚಬೇಕಾಗುತ್ತಿತ್ತು.

ಕೊನೆಗೊಂದು ದಿನ ನಿಜವಾದ ಮನುಷ್ಯನ ದನಿ ಸಿಕ್ಕಿತು.

"ಅವಧಿಗೆ ಮೊದಲು ಬಿಟ್ಟರೆ ಉಳಿದ ತಿಂಗಳುಗಳದ್ದೆಲ್ಲ ಒಟ್ಟಿಗೆ ಕಟ್ಟಬೇಕಾಗುತ್ತದೆ, ಮೆವ್ರೌ," ಎಂದ. ಇಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

"ಬಳಸದೇ ಇರುವುದಕ್ಕೆ ಕಟ್ಟುವುದೇ?"

"ಕರಾರು ಹಾಗಿದೆ. ದಂಡವಿಲ್ಲದೆ ಮುಗಿಯಬೇಕಾದರೆ ಗ್ರಾಹಕರು ಮರಣ ಹೊಂದಿರಬೇಕು."

ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಗಿ, "ಕ್ಷಮಿಸಿ, ನಿಯಮ ಓದಿದೆ ಅಷ್ಟೇ," ಎಂದ. ಪಾಪ, ಅವನೂ ತನ್ನ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದನೆಂದು ಕಾಣುತ್ತದೆ. ಹಿಂದೆ ಕೂಸಿನ ಅಳು ಕೇಳುತ್ತಿತ್ತು. ಅವನಿಗೆ ನನ್ನನ್ನು ಸಂತೋಷಪಡಿಸಬೇಕು ಅನ್ನಿಸಿರಬೇಕು. ಏನೋ ಟಕಟಕ ಒತ್ತಿದ.

"ಮೆವ್ರೌ, ಇದೇನಿದು? ಎರಡೂ ನಂಬರಿನಿಂದ ಇಲ್ಲಿಯವರೆಗೆ ಒಂದು ನಿಮಿಷದ ಕರೆಯೂ ಆಗಿಲ್ಲವಲ್ಲ! ನೀವು ಕರೆ ಮಾಡುವುದೇ ಇಲ್ಲವೆ?"

"ಇಲ್ಲ," ಎಂದೆ. ನಿಜವನ್ನೇ ಹೇಳಿದೆ. ಯಂತ್ರದ ಸಂಗೀತ ಕೇಳುವುದು ಕರೆಯ ಲೆಕ್ಕಕ್ಕೆ ಬರುವುದಿಲ್ಲ, ಅದು ಬಿಟ್ಟಿ ನಂಬರು. ಮಗಳ ಜೊತೆ ಮಾತು ವಾಟ್ಸಾಪಿನಲ್ಲಿ. ರಾಘುವಿಗೆ ಕೊಡುವುದು ಮಿಸ್ಡ್ ಕಾಲ್. ಅದು ಕರೆ ಹೇಗಾದೀತು? ಧಾರವಾಡದಲ್ಲಿ ಯಾರನ್ನು ಬೇಕಾದರೂ ಕೇಳಿ.

"ಹಾಗಾದರೆ ಒಂದು ದಾರಿ ಇದೆ. ಕರಾರು ಮುರಿಯುವುದು ಬೇಡ. ಎರಡನ್ನೂ ಇಂಟರ್‌ನೆಟ್ ಮಾತ್ರ ಇರುವುದಕ್ಕೆ ಬದಲಿಸುತ್ತೇನೆ. ದಂಡವಿಲ್ಲ, ತಿಂಗಳ ಬಾಡಿಗೆ ಅರ್ಧಕ್ಕಿಳಿಯುತ್ತದೆ."

ಅವನಿಗೆ ಹತ್ತು ಸಲ ಉಪಕಾರ ಹೇಳಿದೆ. ಕಂಪನಿಯನ್ನು ಸೋಲಿಸಿದ ಸಂತೋಷದಲ್ಲಿ ಆ ಸಂಜೆ ಸಜ್ಜಿಗೆ ಮಾಡಿಕೊಂಡು ತಿಂದೆ. ಭಾನುವಾರ ವಿದ್ಯಾ ಎಲ್ಲರನ್ನೂ ವಿಡಿಯೊದಲ್ಲಿ ಕೂಡಿಸುತ್ತಾಳಲ್ಲ, ಆಗ ರಾಘುವಿಗೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳೋಣ ಎಂದುಕೊಂಡೆ.

ಮರುದಿನ ಚಹಾ ಕುದಿಯಿತು, ರಿಂಗು ಬರಲಿಲ್ಲ.

ಉರಿ ಸಣ್ಣ ಮಾಡಿದೆ. ಚಹಾ ಕಪ್ಪಾಗುತ್ತ ಬಂತು. ಎದ್ದಿಲ್ಲವೇನೋ ಎಂದುಕೊಂಡು ನಾನೇ ಒತ್ತಿದೆ. ರಿಂಗು ಹೋಗಲಿಲ್ಲ. ಸಂಪರ್ಕ ಸಾಧ್ಯವಿಲ್ಲ ಎಂದು ಒಬ್ಬ ಹೆಂಗಸು ತಣ್ಣಗೆ ಡಚ್ಚಿನಲ್ಲಿ ಹೇಳಿದಳು. ಯಾರ ಜೊತೆ ಸಾಧ್ಯವಿಲ್ಲ, ಏಕೆ, ಅವಳು ಹೇಳಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಅವಳೇ. ಹಿಂದಿನ ಭಾನುವಾರ ವಿಡಿಯೊದಲ್ಲಿ ರಾಘು ಎರಡು ಸಲ ಕೆಮ್ಮಿದ್ದ. ಮೂರನೆಯದಕ್ಕೆ ದನಿ ಬಂದ್ ಮಾಡಿದ್ದ. ತುಟಿ ಅಲುಗುವುದು, ಭುಜ ಕುಣಿಯುವುದು ಮಾತ್ರ ಕಂಡಿತ್ತು. ಅದೀಗ ಕಣ್ಣ ಮುಂದೆ ಬಂದು ನಿಂತಿತು.

ನೀವು ನಗಬೇಡಿ, ಹಿಂದಿನ ದಿನ ನಾನೇ ಮಾಡಿಸಿದ ಬದಲಾವಣೆ ನನಗೆ ಹೊಳೆಯಲೇ ಇಲ್ಲ. ಅದು ಬಿಲ್ಲಿನ ವಿಷಯ, ಇದು ತಮ್ಮನ ವಿಷಯ. ನನ್ನ ತಲೆಯಲ್ಲಿ ಎರಡೂ ಬೇರೆ ಬೇರೆ ಕಪಾಟಿನಲ್ಲಿದ್ದವು. ನನಗೆ ಕಾಣುತ್ತಿದ್ದದ್ದು ಒಂದೇ: ಆ ಮೇಲಿನ ಮಹಡಿಯ ಸ್ನಾನದ ಮನೆಯಲ್ಲಿ ಬಿದ್ದುಕೊಂಡ ಮನುಷ್ಯ, ಕೈಗೆ ಎಟುಕದಷ್ಟು ದೂರದಲ್ಲಿ ಮೊಬೈಲು.

ಇಮೇಲ್ ಹಾಕಿದೆ. ಹಾಕಿ ಏನು? ಅವನ ಕಂಪ್ಯೂಟರು ಭಾನುವಾರ ಬಿಟ್ಟರೆ ಬಟ್ಟೆ ಹೊದ್ದು ಕೂತಿರುತ್ತದೆ. ಮೊಬೈಲಿನಲ್ಲಿ ಅವನು ಇಂಟರ್‌ನೆಟ್ ಚಾಲೂ ಮಾಡುವವನೇ ಅಲ್ಲ. ವಾಟ್ಸಾಪನ್ನು ಆ ವರ್ಷವೇ ತೆಗೆದುಹಾಕಿದ್ದ. ತೆರೆದರೆ ಬರೀ ಸಾವಿನ ಸುದ್ದಿ ಅಕ್ಕಾ, ಎಂದಿದ್ದ. ವಾಟ್ಸಾಪಿನಲ್ಲಿ ವಿದ್ಯಾಳಿಗೆ ಹೇಳಿದೆ.

"ಬ್ಯಾಟರಿ ಹೋಗಿರತ್ತೆ ಅಮ್ಮ, ಗಾಬರಿಯಾಗ್ಬೇಡಿ," ಎಂದಳು. ಅವಳ ದನಿಯಲ್ಲೇ ಗಾಬರಿ ಇತ್ತು. "ನಾನೇ ಹೋಗ್ತಿದ್ದೆ. ಆದ್ರೆ ಇಲ್ಲಿ ಎಲ್ರೂ ಕ್ವಾರಂಟೈನ್. ಮಗಳ ಕ್ಲಾಸಲ್ಲಿ ಪಾಸಿಟಿವ್ ಬಂದಿದೆ. ಪೊಲೀಸ್‌ಗೆ ಫೋನ್ ಮಾಡ್ಲಾ? ಅವ್ರು ಹೋಗಿ ನೋಡ್ತಾರೆ."

"ಬ್ಯಾಡ. ಕೀಲಿಕೈ ನನ್ನ ಕಡೆ ಐತಿ. ನಾನ ಹೊಂಟೆ."

"ಅಮ್ಮ! ಟ್ರೈನಲ್ಲಾ? ನಿಮ್ ವಯಸ್ಸಿಗೆ? ಮನೆ ಹೊರಗೆ ಚೀಲ ಮುಟ್ಟಕ್ಕೂ ಹೆದರೋರು ನೀವು!"

ನಿಜ, ಹೆದರುವವಳೇ. ಆದರೆ ಪೊಲೀಸರು ಬಾಗಿಲು ಒಡೆದು ಏನು ಕಂಡರೋ ಅದನ್ನು ಡಚ್ಚಿನಲ್ಲಿ, 'ಮೆವ್ರೌ' ಎಂದು ಶುರುಮಾಡಿ ನನಗೆ ಹೇಳುವುದು ಇದೆಯಲ್ಲ, ಅದನ್ನು ಕೇಳುವ ಹೆದರಿಕೆ ಇನ್ನೂ ದೊಡ್ಡದಿತ್ತು. ಒಂದರ ಮೇಲೊಂದು ಎರಡು ಮಾಸ್ಕು ಕಟ್ಟಿದೆ. ಕೈಚೀಲಕ್ಕೆ ಸಕ್ಕರೆ ಪೊಟ್ಟಣ, ಜ್ವರದ ಗುಳಿಗೆ, ನೀರು ಹಾಕಿಕೊಂಡೆ. ಒಲೆ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿದೆ.

ರೈಲಿನ ಡಬ್ಬಿಯಲ್ಲಿ ನನ್ನನ್ನು ಬಿಟ್ಟರೆ ಆ ತುದಿಗೆ ಒಬ್ಬ ಕೂತಿದ್ದ. ಅವನು ಸೀನಿದ. ನಾನು ಉಸಿರು ಹಿಡಿದೆ; ಎಷ್ಟು ಹೊತ್ತು ಹಿಡಿಯಲಾದೀತು? ಕಿಟಕಿಯಾಚೆ ಹೊಲಗಳ ನೀರ ಕಾಲುವೆಗಳು ಹೆಪ್ಪುಗಟ್ಟಿ ಬೆಳ್ಳಗಾಗಿದ್ದವು. ಯಾವುದನ್ನೂ ಮುಟ್ಟದೆ, ಎದೆಗೆ ಕೈಚೀಲ ಅವುಚಿಕೊಂಡು ಕೂತೆ. ಮನಸ್ಸಿನಲ್ಲಿ ಅವನ ಮನೆಯ ಬಾಗಿಲಿಗೆ ಕೀಲಿಕೈ ಹಾಕುತ್ತಿದ್ದೆ, ತಿರುಗಿಸುವ ಮೊದಲು ಹೊರಗೆ ತೆಗೆಯುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಮೊದಲು ಯಾವ ಕೋಣೆಗೆ ಹೋಗಬೇಕು? ಏನೆಂದು ಕೂಗಬೇಕು? ಚಿಕ್ಕವನಿದ್ದಾಗ ಊಟಕ್ಕೆ ಕರೆಯುವಂತೆ 'ರಾಘ್ಯಾ' ಎಂದು ಕೂಗಿದರೆ ಎದ್ದು ಬಂದಾನೆ?

ಖೌಡಾ ನಿಲ್ದಾಣದಲ್ಲಿ ರೈಲು ಬದಲಿಸಬೇಕು. ಇಳಿದು ಕಾಪೆಲ್ಲೆಯ ಗಾಡಿ ಯಾವ ಪ್ಲಾಟ್‌ಫಾರ್ಮ್ ಎಂದು ಫಲಕ ನೋಡುತ್ತಿದ್ದೆ. ಹಳಿಗಳಾಚೆ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಮನುಷ್ಯ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದ. ಕಂದು ಮಂಕಿಟೋಪಿ, ಅದರೊಳಗೆ ಮಾಸ್ಕು. ಬರೀ ಎರಡು ಕಣ್ಣು ಬಿಟ್ಟರೆ ಮುಖವೇ ಇಲ್ಲ. ಆದರೆ ಹಾಲೆಂಡಿನಲ್ಲಿ ಮಂಕಿಟೋಪಿ ಹಾಕುವವರು ಎಷ್ಟು ಮಂದಿ?

ಕರೆಯಲೆಂದು ಕೈ ಎತ್ತಿದೆ. ಅಷ್ಟರಲ್ಲಿ ನಡುವಿನ ಹಳಿಯಲ್ಲಿ ಗೂಡ್ಸ್ ಗಾಡಿ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವಂತೆಯೇ ಇಲ್ಲ. ಅದು ದಾಟಿದ ಮೇಲೆ ಆಚೆ ಯಾರೂ ಇರುವುದಿಲ್ಲ, ನಾನು ಕಂಡದ್ದು ನನ್ನ ಭ್ರಮೆ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಕಂಬ ಮುಟ್ಟಬಾರದೆಂಬುದನ್ನು ಮರೆತು ಕಂಬ ಹಿಡಿದುಕೊಂಡೆ.

ಗಾಡಿ ದಾಟಿತು. ಮಂಕಿಟೋಪಿ ಪ್ಲಾಟ್‌ಫಾರ್ಮಿನ ಅಂಚಿಗೆ ಬಂದು ನಿಂತಿತ್ತು.

"ಅಕ್ಕಾ! ನೀ ಅದೀಯೇನ!"

"ಹಿಂದ ಸರೀ ರಾಘ್ಯಾ! ಹಳಿ ಮ್ಯಾಲೆ ಬೀಳ್ತಿ!"

"ರಿಂಗ್ ಯಾಕ ಕೊಡಲಿಲ್ಲ? ನನ್ನ ಜೀವ ಬಾಯಿಗೆ ಬಂದಿತ್ತು! ನಿನ್ನ ನೋಡಾಕ ಹೊಂಟೇನಿ!"

"ನೀ ಯಾಕ ಕೊಡಲಿಲ್ಲ? ನಾ ನಿನ್ನ ನೋಡಾಕ ಹೊಂಟೇನಿ!"

ಪ್ಲಾಟ್‌ಫಾರ್ಮಿನ ಮೇಲಿದ್ದ ಬೆರಳೆಣಿಕೆಯ ಡಚ್ಚರು ನಮ್ಮನ್ನು ನೋಡಿದರು. ಅವರಿಗೆ ಇದು ದೊಡ್ಡ ಜಗಳದಂತೆ ಕೇಳಿರಬೇಕು. ನಮ್ಮ ಕಡೆ ಪ್ರೀತಿಯೂ ಅದೇ ಸ್ವರದಲ್ಲಿ ಬರುತ್ತದೆ ಎಂದು ಯಾರಿಗೆ ತಿಳಿಸಿ ಹೇಳುವುದು?

ಅವನು ಮೆಟ್ಟಿಲಿಳಿದು ಸುರಂಗದಿಂದ ನನ್ನ ಕಡೆಗೆ ಬಂದ. ನಾನು ಕೈ ಮುಂದೆ ಮಾಡಿ ತಡೆದೆ. "ಅಲ್ಲೇ ನಿಂದ್ರು. ಹತ್ತರ ಬರಬ್ಯಾಡ." ಬೆಂಚಿನ ಆ ತುದಿಗೆ ಅವನು, ಈ ತುದಿಗೆ ನಾನು. ಕೆಮ್ಮಿದ.

"ಮೆಟ್ಟಲಾ ಹತ್ತಿದ್ದಕ್ಕ ಬಂದ ಕೆಮ್ಮ," ಎಂದ. ಮೆಟ್ಟಿಲಿಗೆ ಬಂದದ್ದೋ ಬೇರೆಯದೋ ಅವನಿಗೂ ಗೊತ್ತಿರಲಿಲ್ಲ, ಅವನ ಕಣ್ಣೇ ಹೇಳುತ್ತಿತ್ತು. ಆಮೇಲೆ, "ನಿನ್ನಿ ಏನರ ಮಾಡಿದೇನ ಫೋನಿಗೆ? ಖರೇ ಹೇಳು," ಎಂದು ಕೇಳಿದ.

ಆಗ ಎರಡು ಕಪಾಟುಗಳ ಬಾಗಿಲೂ ಒಟ್ಟಿಗೆ ತೆರೆದವು. ಹೇಳಿದೆ.

"ನಾವು ಫೋನ ಮಾಡೂದಿಲ್ಲಂತ ಹೇಳಿದಿ?"

"ಮಿಸ್ಡ್ ಕಾಲ್ ಫೋನ ಹ್ಯಾಂಗಾಕ್ಕೈತೋ?"

ಅವನು ಸ್ವಲ್ಪ ವಿಚಾರ ಮಾಡಿದ. "ಅದೂ ಬರೋಬ್ಬರಿ," ಎಂದ. ನಲವತ್ತು ವರ್ಷ ಎಂಜಿನಿಯರಾಗಿದ್ದವನು!

ಅವನ ಗಾಡಿಯ ಹೊತ್ತಾಯಿತು. ಎದ್ದು ನಿಂತ. ನಾನೂ ಎದ್ದೆ. ಆಗ ಇಬ್ಬರಿಗೂ ಒಂದೇ ಮಾತು ಹೊಳೆಯಿತು. ಅವನು ಮನೆ ಮುಟ್ಟಿದನೋ ಇಲ್ಲವೋ ನನಗೆ ತಿಳಿಯುವುದು ಹೇಗೆ? ನಾಳೆ ಎದ್ದನೋ ಇಲ್ಲವೋ? ಗಾಡಿ ಬಂದು ಬಾಗಿಲು ತೆರೆಯಿತು. ಅವನು ಹತ್ತಲಿಲ್ಲ, ನಾನು ಹತ್ತು ಎನ್ನಲಿಲ್ಲ. ಬಾಗಿಲು ಮುಚ್ಚಿಕೊಂಡು ಗಾಡಿ ಹೋಯಿತು.

"ನಡೀ ಮನಿಗೆ," ಎಂದೆ.

"ನಿಮ್ಮ ಮನ್ಯಾಗ ಯಾರನ್ನೂ ಬಿಟ್ಟುಕೊಳ್ಳೂದಿಲ್ಲಲ್ಲ ನೀ? ಮತ್ತ ನನಗ ಅದು ಇದ್ದರ?"

"ಇದ್ದರ ಇರಲಿ. ಮ್ಯಾಲಿನ ಖೋಲ್ಯಾಗ ಇರು."

ಇದನ್ನು ಧೈರ್ಯ ಎಂದು ದಯವಿಟ್ಟು ತಿಳಿಯಬೇಡಿ. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಅವನ ಉಸಿರು ಕೇಳುತ್ತ, ನಾನು ವಿದ್ಯಾಳಿಗೆ ಕೊನೆಯದಾಗಿ ಏನು ಹೇಳಬೇಕೆಂದು ಯೋಚಿಸುತ್ತ ಬಂದೆ. ಎರಡು ಹೆದರಿಕೆಗಳಲ್ಲಿ ಒಂದನ್ನು ಆರಿಸಿಕೊಂಡೆ, ಅಷ್ಟೇ.

ರಾಘು ಮೇಲಿನ ಕೋಣೆಯಲ್ಲಿ ಉಳಿದ. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ನಾನು ಕೆಳಗೆ ಓಡಿಬರುತ್ತಿದ್ದೆ. ಮಾಳಿಗೆಯ ಹಲಗೆ ಕಿರುಗುಟ್ಟಿದರೆ ಇವನು ನಡೆಯುತ್ತಿದ್ದಾನೆ ಎಂದು ಸಮಾಧಾನ, ಬಹಳ ಹೊತ್ತು ಕಿರುಗುಟ್ಟದಿದ್ದರೆ ಪೊರಕೆಯ ಹಿಡಿಯಿಂದ ಮಾಳಿಗೆಗೆ ಬಡಿಯುತ್ತಿದ್ದೆ. "ಅದೇನಿ, ಮಾರಾಯ್ತಿ! ಪೇಪರ ಓದಾಕ ಬಿಡು!" ಎಂದು ಕೂಗು ಬರುತ್ತಿತ್ತು. ಮೂಗಿನ ಪರೀಕ್ಷೆಯಲ್ಲಿ ಅವನಿಗೆ ಏನೂ ಇಲ್ಲವೆಂದು ಬಂದ ದಿನ ಅವನು ಕೆಳಗಿಳಿದು ಬಂದ. ಅವತ್ತೇ, ನನ್ನ ಮನೆಗೆ ಹೋಗುತ್ತೇನೆ, ನಿನ್ನ ಗಂಟೆಗಳು ನನಗೆ ಸಾಕಾದವು ಎಂದ. ಹೋಗಲಿ, ಆದರೆ ರಿಂಗಿಲ್ಲದೆ ಹೋಗುವಂತಿಲ್ಲ. ಮತ್ತೆ ಕಂಪನಿಗೆ ಫೋನು ಮಾಡಲು ಕೂತೆ. ನಮ್ಮ ಮೊಬೈಲಿನಲ್ಲಿ ಕರೆ ಇಲ್ಲವಲ್ಲ, ಪಕ್ಕದ ಮನೆಯವರ ಫೋನನ್ನು ಬೇಡಿ ತಂದು, ಒರೆಸಿ, ಮೇಜಿನ ಮೇಲಿಟ್ಟು ದನಿ ಜೋರು ಮಾಡಿದೆ. ಅದೇ ಯಂತ್ರ, ಅದೇ ಸಂಗೀತ. ರಾಘು ಮೇಜಿನ ಆ ತುದಿಗೆ ಕೂತು ಬಟಾಣಿ ಸುಲಿಯುತ್ತ ಕಾದ.

ಈ ಸಲ ಬಂದವಳು ಹೆಂಗಸು. ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಕರೆ ಮತ್ತೆ ಬೇಕೆಂದರೆ ನಿಮ್ಮ ಹಳೆಯ ಕರಾರು ಈಗ ಸಿಗುವುದಿಲ್ಲ, ಮೆವ್ರೌ. ಹೊಸದನ್ನು ಮಾಡಿಕೊಳ್ಳಬೇಕು. ಇವತ್ತಿನಿಂದ ಎರಡು ವರ್ಷ. ನಡುವೆ ಬಿಡಲು ಬರುವುದಿಲ್ಲ. ಒಪ್ಪಿಗೆಯೇ?"

ಎರಡು ವರ್ಷ. ಸೀರೆಗಳಿಗೆ ಚೀಟಿ ಕಟ್ಟಿಟ್ಟವಳಿಗೆ, ಬರುವ ಬೇಸಿಗೆಯನ್ನೇ ಲೆಕ್ಕದಲ್ಲಿ ಹಿಡಿಯದವಳಿಗೆ ಈ ಹೆಂಗಸು ಏನು ಕೇಳುತ್ತಿದ್ದಾಳೆ! ರಾಘುವಿನ ಮುಖ ನೋಡಿದೆ. ಸುಲಿಯುವ ಕೈ ನಿಂತಿತ್ತು, ಅವನ ಮುಖದಲ್ಲೂ ರಕ್ತವಿರಲಿಲ್ಲ.

"ಮೆವ್ರೌ, ಕೇಳಿಸುತ್ತಿದೆಯೇ? ಎರಡು ವರ್ಷಕ್ಕೆ ಒಪ್ಪಿಗೆಯೇ?"

ರಾಘು ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಬಗ್ಗಿ, ಫೋನಿಗೆ ಕೇಳದಂತೆ ಮೆಲ್ಲಗೆ ಹೇಳಿದ:

"ಮೂರ ವರ್ಷದ್ದು ಐತೇನ ಕೇಳಕ್ಕಾ."